ಎರಡು ಕೋಣೆಗೆ ಒಂದೇ ಮೀನು

ಇರುವ ಒಂದು ಟಿವಿಯನ್ನೇ ಸರಿಯಾಗಿ ನೋಡದವರು ಎರಡನೆಯದಕ್ಕೂ ವೈರು ಎಳೆಸುತ್ತಾರೆ ಎಂದರೆ ಅದರ ಹಿಂದೆ ಏನೋ ಮಸಲತ್ತು ಇದ್ದೇ ಇರುತ್ತದೆ. ಅಕ್ಕನಿಗೂ ಒಂದು ಮಸಲತ್ತು ಇತ್ತು. ಡಿಶ್‌ನವನಿಗೆ ಅದು ಗೊತ್ತಿರಲಿಲ್ಲ, ಪಾಪ. ಅವನು ಮುಂದಿನ ಕೋಣೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ರಿಸೀವರನ್ನು ಬೋರಲು ಹಾಕಿ, ಹಿಂದಿನ ಧೂಳು ಊದಿ ತನ್ನ ಪಾಡಿಗೆ ತಾನು ವಿವರಿಸುತ್ತಿದ್ದ.

"ನೋಡಿ ಮೇಡಂ, ಹೊಸ ಟಿವಿಗೆ ಈ ಅಗಲದ ಪಿನ್ನು ಹೋಗಿದೆ. ಇಲ್ಲಿ ಇನ್ನೂ ಮೂರು ತೂತು ಖಾಲಿ ಇದೆ. ಹಳದಿ, ಬಿಳಿ, ಕೆಂಪು. ಇಲ್ಲಿಂದ ಉದ್ದ ವೈರು ಎಳೆದು ಒಳಗಿನ ಹಳೇ ಟಿವಿಗೆ ಕೊಟ್ರೆ ಮುಗೀತು. ಆದ್ರೆ ರಿಸೀವರ್ ಒಂದೇ ಅಲ್ವಾ? ಇಲ್ಲಿ ಏನು ಬರುತ್ತೋ ಅಲ್ಲೂ ಅದೇ ಬರೋದು. ಆಮೇಲೆ ಫೋನ್ ಮಾಡಿ ನನ್ನ ಬೈಬೇಡಿ."

"ನಮಗೆ ಬೇಕಾಗಿರೋದೂ ಅದೇ," ಎಂದಳು ಅಕ್ಕ.

"ಚಾನೆಲ್ ಬದಲಾಯಿಸ್ಬೇಕು ಅಂದ್ರೆ ಇಲ್ಲಿಗೇ ಬರ್ಬೇಕು. ರಿಮೋಟು ಗೋಡೆ ದಾಟಿ ಕೆಲ್ಸ ಮಾಡಲ್ಲ. ಬೇಕಾದ್ರೆ ಒಂದು ಕಣ್ಣು ಬರುತ್ತೆ, ಅಂಗಿ ಗುಂಡಿಯಷ್ಟು. ಅಲ್ಲೊಂದು ಅಂಟಿಸಿದ್ರೆ ಒಳಗಿನವರೂ ಕೂತಲ್ಲಿಂದಲೇ ಒತ್ಕೋಬಹುದು."

"ಬೇಡ."

"ಎಲ್ರೂ ಹಾಕಿಸ್ಕೋತಾರೆ ಮೇಡಂ."

"ನಮಗೆ ಬೇಡ ಅಂದ್ನಲ್ಲ. ಬದಲಾಯಿಸ್ಬೇಕು ಅನ್ನಿಸಿದವರು ಕೂಗಿ ಹೇಳ್ತಾರೆ."

ಮಸಲತ್ತು ಇಷ್ಟೇ. ಒಳಗಿನವರು ಕೂಗಿ ಹೇಳಬೇಕು.

ಒಳಗಿನವರು ಎಂದರೆ ತಂಗಿ. ಮನೆಯಲ್ಲೂ ಬೀದಿಯಲ್ಲೂ ಎಲ್ಲರ ಬಾಯಲ್ಲಿ ಅವಳು ಮೈಕು. ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದ ಮಹಡಿಯ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾರ ಚೀಲ ಎಲ್ಲಿ ಸಿಕ್ಕಿದೆ ಎಂದು ಊರಿಗೆಲ್ಲ ಹೇಳಿದವಳು. ಆ ಕೆಲಸದಲ್ಲಿ ಏನು ಹೇಳಿದರೂ ಎರಡು ಸಲ ಹೇಳಬೇಕು. ಮೊದಲ ಸಲ ಹೇಳುವುದು ಜನ ಹರಟೆ ನಿಲ್ಲಿಸಲಿ ಎಂದು, ಎರಡನೇ ಸಲ ಹೇಳುವುದು ಕೇಳಿಸಿಕೊಳ್ಳಲಿ ಎಂದು. ಇಪ್ಪತ್ತೆರಡು ವರ್ಷದಲ್ಲಿ ಈ ಚಾಳಿ ಅವಳಿಗೆ ಮೈಗಂಟಿ ಹೋಗಿತ್ತು. ಮನೆಗೆ ಬಂದರೂ "ಹಾಲು ಉಕ್ತಿದೆ, ಹಾಲು ಉಕ್ತಿದೆ" ಎನ್ನುವಳು. "ಬಾಗಿಲು ಹಾಕಿದೀನಿ, ಬಾಗಿಲು ಹಾಕಿದೀನಿ" ಎನ್ನುವಳು. "ನಾನೇನು ಬಸ್ಸಿಗೆ ಕಾಯ್ತಿದೀನಾ? ಒಂದ್ಸಲ ಹೇಳಿದ್ರೆ ಸಾಲ್ದಾ?" ಎಂದು ಅಕ್ಕ ರೇಗುತ್ತಿದ್ದಳು. ಹಾಗೆ ರೇಗಿದ್ದನ್ನು ಈಗ ನೆನೆಸಿಕೊಂಡರೆ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತಿತ್ತು.

ಮೈಕುವಿನ ಗಂಟಲಲ್ಲಿ ಒಂದು ಪುಟ್ಟ ಗಂಟು ಎದ್ದಿತ್ತು. ಡಾಕ್ಟರು ಅದನ್ನು ತೆಗೆದು, ಎರಡು ವಾರ ತುಟಿ ಪಿಟಕ್ಕೆನ್ನಬಾರದು ಎಂದಿದ್ದರು. ಎನ್ನಲಿಲ್ಲ. ಹದಿನೈದನೇ ದಿನ ಬೆಳಿಗ್ಗೆ ಮುಖ ತೊಳೆದು, ತಲೆ ಬಾಚಿ, ಕನ್ನಡಿಯ ಮುಂದೆ ನಿಂತು, "ಪ್ರಯಾಣಿಕರ ಗಮನಕ್ಕೆ" ಎಂದಳು. ಬಂದದ್ದು ಅವಳ ದನಿಯಲ್ಲ. ಕಬ್ಬಿಣದ ಮಂಚವನ್ನು ಯಾರೋ ಸಿಮೆಂಟು ನೆಲದ ಮೇಲೆ ಎಳೆದಂತಿತ್ತು. ಅಕ್ಕ ಅಡುಗೆಮನೆಯಲ್ಲಿ ಲೋಟ ಹಿಡಿದು ನಿಂತವಳು, ಎರಡನೇ ಸಲ ಹೇಳುತ್ತಾಳೆ ಎಂದು ಕಾದಳು. ಹೇಳಲಿಲ್ಲ. ಮೈಕು ಕನ್ನಡಿಯನ್ನೇ ಒಂದು ಗಳಿಗೆ ನೋಡಿ, ಹಿಂದಿನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಅವತ್ತು ಬಾಯಿಗೆ ಬಿದ್ದ ಬೀಗ ಎರಡು ತಿಂಗಳಾದರೂ ತೆಗೆದಿರಲಿಲ್ಲ.

"ಗಾಯ ಮಾಗಿದೆ," ಎಂದಿದ್ದರು ಡಾಕ್ಟರು, ಈ ತಿಂಗಳ ಮೊದಲಲ್ಲಿ. "ಇನ್ನು ನನ್ನ ಕೈಲಿ ಏನಿಲ್ಲ. ದನಿ ಮೊದಲಿನ ಹಾಗೇ ಇರುತ್ತೆ ಅಂತ ನಾನು ಹೇಳಲ್ಲ. ಆದ್ರೆ ಇರುತ್ತೆ. ಮಾತಾಡಿಸಿ. ಈ ತಿಂಗಳು ಹೀಗೇ ಬಿಟ್ರೆ ಬಿಗಿದುಕೊಂಡು ಬಿಡುತ್ತೆ, ಆಮೇಲೆ ಕಷ್ಟ."

ಅಕ್ಕ ಮಾತಾಡಿಸಿದಳು. ಅತ್ತಳು, ಬೈದಳು, ಗೋಗರೆದಳು. ಮೈಕು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಒಂದು ಸ್ಲೇಟು ಇಟ್ಟುಕೊಂಡಿದ್ದಳು. ಊಟದ ಹೊತ್ತಿಗೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಅಡುಗೆಮನೆಗೆ ಬಂದು, ಬೇಕಾದ್ದನ್ನು ಬರೆದು ತೋರಿಸಿ, ತಿಂದು, ಒಳಗೆ ಹೋಗುವಳು. ಮುಂದಿನ ಕೋಣೆಗೆ ಮಾತ್ರ ಕಾಲಿಡುತ್ತಿರಲಿಲ್ಲ. ಅಲ್ಲಿ ಅಕ್ಕನ ಹೊಲಿಗೆ ಮಿಷನ್ನು, ಅಲ್ಲಿಗೆ ಬಟ್ಟೆ ಕೊಡಲು ಬರುವ ಗಿರಾಕಿಗಳು, ಬಂದವರೆಲ್ಲ ಮೂಗು ತೂರಿಸಿ ಕೇಳುವುದು ಒಂದೇ: "ಮೈಕು ಗಂಟಲು ಹೇಗಿದೆ?"

ಒಂದು ದಿನ ಮಧ್ಯಾಹ್ನ ಪರದೆಯ ಅಂಚು ಮಡಿಚುತ್ತ ಕೂತಿದ್ದಾಗ ಅಕ್ಕನಿಗೆ ಈ ಉಪಾಯ ಹೊಳೆದಿತ್ತು. ಅಟ್ಟದ ಮೇಲೆ ಹಳೆಯ ಡಬ್ಬಾ ಟಿವಿ ಸುಮ್ಮನೆ ಬಿದ್ದಿದೆ. ಅದನ್ನು ಅವಳ ಕೋಣೆಯಲ್ಲಿ ಇಡುವುದು, ಅದರಲ್ಲಿ ತಲೆ ಚಿಟ್ಟು ಹಿಡಿಯುವಂಥ ಚಾನೆಲ್ ಹಾಕುವುದು, ರಿಮೋಟನ್ನು ತಾನು ಹಿಡಿದು ಕೂರುವುದು. ಎಷ್ಟು ದಿನ ಸಹಿಸುತ್ತಾಳೆ? "ಅಕ್ಕಾ, ಅದನ್ನ ಬದಲಾಯಿಸೇ" ಎಂದು ಒಂದು ಸಲ ಅರಚಿದರೆ ಸಾಕು. ಟಿವಿಯ ಹಿಂದೆ ಆಫ್ ಮಾಡುವ ಗುಂಡಿ ಇದೆಯಲ್ಲ ಎಂದು ನೀವು ಕೇಳಬಹುದು. ಮೈಕು ಓಡುತ್ತಿರುವ ಟಿವಿ ಆರಿಸುವವಳಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಅಮ್ಮ ಹೋದದ್ದು ಟಿವಿಯ ಮುಂದೆ, ಕೂತ ಕುರ್ಚಿಯಲ್ಲೇ. ಅವತ್ತು ಟಿವಿ ಆರಿಸಿದವಳು ಮೈಕು. ಆರಿಸಿ ತಿರುಗಿದಾಗಲೇ ಅಮ್ಮನ ತಲೆ ವಾಲಿದ್ದು ಕಂಡದ್ದು. ಆಮೇಲೆ ಮನೆಯಲ್ಲಿ ಟಿವಿ ಆರಿಸುವ ಕೆಲಸ ಯಾವಾಗಲೂ ಅಕ್ಕನದೇ.

ಡಿಶ್‌ನವನು ಗೋಡೆಗೆ ಮೊಳೆ ಹೊಡೆದು ವೈರು ಎಳೆಯುತ್ತೇನೆ ಎಂದ. ಗೋಡೆ ಹಾಳಾಗುತ್ತದೆ ಎಂದು ಅಕ್ಕ ಒಪ್ಪಲಿಲ್ಲ. ಹಿಂದಿನ ದಿನವೇ ನೀಲಿ ಪರದೆ ಬಟ್ಟೆಯ ತುಂಡುಗಳನ್ನು ಸೇರಿಸಿ, ಹದಿನೈದು ಮೀಟರ್ ಉದ್ದದ ಕಿರಿದಾದ ಕೊಳವೆ ಹೊಲಿದಿಟ್ಟಿದ್ದಳು. ವೈರಿನ ತುದಿಗೆ ಪಿನ್ನು ಚುಚ್ಚಿ, ಪೈಜಾಮಕ್ಕೆ ಲಾಡಿ ಪೋಣಿಸುವಂತೆ ಬೆರಳಲ್ಲಿ ತಳ್ಳಿ ತಳ್ಳಿ ಅದನ್ನು ಬಟ್ಟೆಯ ಒಳಗೆ ದಾಟಿಸಿದಳು. ಆಮೇಲೆ ಬಾಗಿಲುಗಳ ಮೇಲಿನ ಹಳೆಯ ಪರದೆ ಕಂಬಿಗಳಿಗೆ ಬಳೆ ಹಾಕಿ ತೂಗಿಬಿಟ್ಟಳು. ಮುಂದಿನ ಕೋಣೆ, ನಡುವಿನ ಓಣಿ, ಅಡುಗೆಮನೆ ಬಾಗಿಲು ದಾಟಿ ಹಿಂದಿನ ಕೋಣೆಯವರೆಗೆ ಒಂದು ನೀಲಿ ಗೆರೆ ಹೋಯಿತು. ಡಿಶ್‌ನವನು ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಮೂವತ್ತು ವರ್ಷ ಆಯ್ತು ಈ ಕೆಲ್ಸ ಮಾಡ್ತಾ. ವೈರಿಗೆ ಬಟ್ಟೆ ಹೊಲಿಸಿ ತೊಡಿಸಿದವರನ್ನ ಇವತ್ತೇ ನೋಡಿದ್ದು," ಎಂದ.

"ಇನ್ನೂ ಎಷ್ಟು ನೋಡೋದಿದೆಯೋ," ಎಂದಳು ಅಕ್ಕ.

ಮೊದಲ ಸಲ ಹಳದಿಯ ಜಾಗಕ್ಕೆ ಕೆಂಪು ಸಿಕ್ಕಿಸಿದ್ದರಿಂದ ಒಳಗಿನ ಟಿವಿ ಚಿತ್ರವಿಲ್ಲದೆ ಬರೀ ಗುಂಯ್‌ಗುಟ್ಟಿತು. ಸರಿ ಮಾಡಿದ ಮೇಲೆ ಚಿತ್ರ ಬಂತು. ಮೈಕು ಮಂಚದ ಮೇಲೆ ಗೋಡೆಗೆ ಒರಗಿ ಕೂತು, ಇವರಿಬ್ಬರ ಸಂಭ್ರಮವನ್ನು ಹುಬ್ಬೇರಿಸಿ ನೋಡಿದಳೇ ಹೊರತು ಕಮಕ್ ಕಿಮಕ್ ಎನ್ನಲಿಲ್ಲ.

ಅಕ್ಕ ಅವತ್ತೇ ಕಾರ್ಯಾಚರಣೆ ಶುರು ಮಾಡಿದಳು. ಮೊದಲು ಹಾಕಿದ್ದು ಸಾಮಾನು ಮಾರುವ ಚಾನೆಲ್. ಅದರಲ್ಲಿ ಒಬ್ಬ ಬೆಳಗಿನಿಂದ ಸಂಜೆಯವರೆಗೆ ಒಂದೇ ಚಾಕುವಿನಲ್ಲಿ ಮರ, ಚಪ್ಪಲಿ, ಟೊಮೆಟೊ ಎಲ್ಲವನ್ನೂ ಕತ್ತರಿಸುತ್ತಿದ್ದ. ಅಕ್ಕ ಮಿಷನ್ ನಿಲ್ಲಿಸಿ ನಿಲ್ಲಿಸಿ ಕಿವಿ ನಿಮಿರಿಸಿದಳು. ಹಿಂದಿನ ಕೋಣೆಯಿಂದ ಕೇಳಿಸಿದ್ದು ಅದೇ ಚಾಕುವಿನವನ ಗಂಟಲು ಮಾತ್ರ. ಮೂರನೇ ದಿನ ಊಟಕ್ಕೆ ಬಂದ ಮೈಕು ಸ್ಲೇಟು ತಿರುಗಿಸಿ ತೋರಿಸಿದಳು: "ಚಾಕು ಮಾರುವವನು ಸುಸ್ತಾದ. ನಾನು ಆಗಲಿಲ್ಲ."

ಮಸಲತ್ತು ಬಯಲಾಗಿತ್ತು. ಹಾಗಂತ ಅಕ್ಕ ಪಟ್ಟು ಬಿಡುವವಳೇ? ಷೇರು ಪೇಟೆಯ ಅಂಕಿಗಳು ಓಡುವ ಚಾನೆಲ್ ಹಾಕಿದಳು. ಇಬ್ಬರು ಪಂಡಿತರು ಇಡೀ ದಿನ ಬೆನ್ನುನೋವಿನ ಬಗ್ಗೆ ವಾದ ಮಾಡುವ ಚಾನೆಲ್ ಹಾಕಿದಳು. ಅದನ್ನು ಕೇಳಿ ಕೇಳಿ ಅಕ್ಕನಿಗೇ ಬೆನ್ನುನೋವು ಬಂತು. ಕೊನೆಗೆ ಸಿಟ್ಟಿನಲ್ಲಿ ರಿಮೋಟಿನ ಗುಂಡಿ ಒತ್ತುತ್ತ ಒತ್ತುತ್ತ ಯಾರೂ ಹೋಗದ ಒಂಬೈನೂರರ ಆಚೆಯ ನಂಬರುಗಳಿಗೆ ಹೋದಾಗ, ಪರದೆ ತಟ್ಟನೆ ನೀಲಿಯಾಯಿತು.

ಅದೊಂದು ನೀರಿನ ಚಾನೆಲ್. ಎಲ್ಲಿಯದೋ ದೊಡ್ಡ ಗಾಜಿನ ತೊಟ್ಟಿ, ಅದರ ಮುಂದೆ ಅಲುಗಾಡದ ಒಂದು ಕ್ಯಾಮೆರಾ. ಮನುಷ್ಯರಿಲ್ಲ, ಮಾತಿಲ್ಲ, ಜಾಹೀರಾತಿಲ್ಲ. ಆಗೊಮ್ಮೆ ಈಗೊಮ್ಮೆ ಗುಳುಗುಳು ಎನ್ನುವ ಸದ್ದು. ಮೀನುಗಳು ಎಡದಿಂದ ಬಂದು ಬಲಕ್ಕೆ ಹೋಗುತ್ತಿದ್ದವು, ಏನೂ ಅವಸರವಿಲ್ಲದೆ. ಇದಕ್ಕಿಂತ ಬೇಸರದ್ದು ಸಿಗಲಾರದು ಎಂದು ಅಕ್ಕ ರಿಮೋಟನ್ನು ಮಿಷನ್ನಿನ ಪಕ್ಕ ಇಟ್ಟಳು.

ಅಲ್ಲೇ ಅವಳ ಲೆಕ್ಕ ತಪ್ಪಿದ್ದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಿಷನ್ನಿನ ಸದ್ದು ನಿಧಾನವಾಗಿತ್ತು. ಕಿಟಕಿಯ ಬಿಸಿಲು ಬಿಳಿ ಗೋಡೆಯ ಮೇಲೆ ಬಿದ್ದಿತ್ತು, ಅದರ ಮೇಲೆ ಟಿವಿಯ ನೀಲಿ ತೆಳ್ಳಗೆ ಹರಡಿಕೊಂಡಿತ್ತು, ಹೊಲಿಯುತ್ತಿದ್ದ ಪರದೆ ಅವಳ ತೊಡೆಯಿಂದ ನೆಲಕ್ಕೆ ಇಳಿದು ಕಾಲ ಸುತ್ತ ಮಡಿಕೆ ಮಡಿಕೆಯಾಗಿ ನಿಂತಿತ್ತು. ತಾನು ಮೊಣಕಾಲಿನವರೆಗೆ ನೀರಲ್ಲಿ ಕೂತು ಹೊಲಿಯುತ್ತಿದ್ದೇನೆ ಅನ್ನಿಸಿತು ಅಕ್ಕನಿಗೆ. ರೆಕ್ಕೆ ಹರಿದ ಒಂದು ಮುದಿ ಮೀನು ಬಂತು. ಟಿವಿ ಪರದೆಯ ನಡುವೆ ನಿಂತು, ಏನೋ ಮರೆತವರಂತೆ ಯೋಚಿಸಿ, ಮುಂದೆ ಹೋಯಿತು. ಈ ಗಳಿಗೆಯಲ್ಲೇ ಅದು ಹಿಂದಿನ ಕೋಣೆಯಲ್ಲೂ ನಿಂತು ಯೋಚಿಸಿರುತ್ತದೆ, ಮೈಕುವೂ ಅದನ್ನು ನೋಡಿರುತ್ತಾಳೆ ಎಂದು ಹೊಳೆದಾಗ ಅಕ್ಕನಿಗೆ ಎದೆ ತುಂಬಿ ಬಂತು. ಎರಡು ತಿಂಗಳಲ್ಲಿ ಅಕ್ಕ ತಂಗಿ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು.

ರಾತ್ರಿ ಊಟಕ್ಕೆ ಬಂದ ಮೈಕು ಬರೆದಳು: "ಮೀನು ಇರಲಿ."

"ಇರಲಿ ಅಂತ ಬಾಯಲ್ಲಿ ಹೇಳು, ಇಡ್ತೀನಿ," ಎಂದಳು ಅಕ್ಕ.

ಮೈಕು ಸ್ಲೇಟಿನಲ್ಲಿ "ಇರಲಿ" ಎನ್ನುವುದರ ಕೆಳಗೆ ಒಂದು ಗೆರೆ ಎಳೆದು, ತಟ್ಟೆ ತೊಳೆದಿಟ್ಟು ಹೋದಳು. ಅಕ್ಕ ಬೇರೆ ಚಾನೆಲ್ ಹಾಕಬೇಕಿತ್ತು. ಹಾಕಲಿಲ್ಲ. ಅವಳಿಗೂ ಮೀನು ಬೇಕಾಗಿತ್ತು.

ಹೀಗೆ ಎಷ್ಟೋ ದಿನ ಹೋದವು. ಮನೆಯಲ್ಲಿ ಇಡೀ ಹಗಲು ನೀರು ತುಂಬಿರುತ್ತಿತ್ತು. ಗಿರಾಕಿಗಳು ಒಳಗೆ ಬಂದವರು ದನಿ ತಗ್ಗಿಸಿ ಮಾತಾಡಿ, ಮೈಕುವಿನ ಗಂಟಲ ವಿಚಾರ ಕೇಳುವುದನ್ನೇ ಮರೆತು, ಸ್ವಲ್ಪ ಹೊತ್ತು ಮೀನು ನೋಡಿ ಹೋಗುತ್ತಿದ್ದರು. ಆ ನೆಮ್ಮದಿಯ ನಡುವೆಯೂ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದಳು. ತಿಂಗಳು ಮುಗಿಯಲು ಒಂಬತ್ತು ದಿನ, ಏಳು ದಿನ, ನಾಲ್ಕು ದಿನ. ದನಿ ಒಳಗೊಳಗೇ ಬಿಗಿದುಕೊಳ್ಳುತ್ತಿದೆ, ತಾನು ಮಾತ್ರ ಮೀನು ನೋಡುತ್ತ ಕೂತಿದ್ದೇನೆ ಎಂದು ತನ್ನನ್ನೇ ಬೈದುಕೊಳ್ಳುವಳು. ಬೈದುಕೊಂಡು ಮತ್ತೆ ಮೀನು ನೋಡುವಳು.

ಆ ರಿಸೀವರಿಗೆ ಒಂದು ಅನುಮಾನದ ಬುದ್ಧಿ ಇತ್ತು. ನಾಲ್ಕು ಗಂಟೆ ಕಾಲ ಯಾರೂ ರಿಮೋಟು ಮುಟ್ಟದಿದ್ದರೆ ನೀರಿನ ಮೇಲೆ ಒಂದು ಬೂದು ಚೌಕ ಮೂಡಿ, "ಯಾರಾದರೂ ಇದ್ದೀರಾ? ಇದ್ದರೆ ಒಂದು ಗುಂಡಿ ಒತ್ತಿ" ಎನ್ನುವುದು. ಅದರ ಕೆಳಗೆ ಅರವತ್ತರಿಂದ ಹಿಂದಕ್ಕೆ ಎಣಿಕೆ. ಸೊನ್ನೆ ಮುಟ್ಟಿದರೆ ರಿಸೀವರ್ ತಾನೇ ಆರಿಹೋಗುತ್ತದೆ. ಅಕ್ಕ ಹೊಲಿಗೆಯ ಗೆರೆ ಮುಗಿಸಿ, ಕೈ ಒರೆಸಿಕೊಂಡು, ಯಾವುದೋ ಗುಂಡಿ ಒತ್ತುತ್ತಿದ್ದಳು. ಅದಕ್ಕೆ ಹೆಚ್ಚು ಮನಸ್ಸು ಕೊಟ್ಟವಳಲ್ಲ. ಆದರೆ ಒಂದು ದಿನ ಸ್ಲೇಟಿನಲ್ಲಿ ಹೀಗೆ ಬರೆದಿತ್ತು: "ಮೊನ್ನೆ ನೀನು 41ಕ್ಕೆ ಒತ್ತಿದೆ. ನಿನ್ನೆ 38. ಇವತ್ತು 22. ಯಾಕೆ ತಡ?"

"ಅದನ್ನೂ ಎಣಿಸ್ತೀಯಾ?" ಎಂದಳು ಅಕ್ಕ. "ಸೂಜಿ ಮುರೀತು ಮಾರಾಯ್ತಿ, ಹೊಸದು ಹಾಕ್ತಿದ್ದೆ."

ಮೈಕು ಸ್ಲೇಟು ಒರೆಸಿದಳು. ತಾನು ಇತ್ತ ಕಿವಿ ಕೊಟ್ಟು ಕೂತಂತೆ ಅವಳು ಅತ್ತ ಅಂಕಿ ನೋಡುತ್ತ ಕೂತಿರುತ್ತಾಳೆ ಎಂಬುದು ಅಕ್ಕನಿಗೆ ಅವತ್ತು ಗೊತ್ತಾಯಿತು. ಅದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಳು.

ತಿಂಗಳ ಕೊನೆಯ ದಿನ ಬಂತು. ಹೋಟೆಲಿನವರ ನಲವತ್ತು ಪರದೆಗಳನ್ನು ಸಂಜೆಯೊಳಗೆ ಮುಗಿಸಿಕೊಡಬೇಕಿತ್ತು. ಎರಡು ರಾತ್ರಿ ಸರಿಯಾಗಿ ಕಣ್ಣು ಮುಚ್ಚಿರದ ಅಕ್ಕ, ಮೂವತ್ತೇಳನೆಯದರ ಅಂಚು ಮಡಿಚುತ್ತಿದ್ದಾಗ ಮುದಿ ಮೀನು ಬಂದು ಟಿವಿ ಪರದೆಯ ನಡುವೆ ನಿಂತಿತು. ಇದು ಯೋಚನೆ ಮುಗಿಸಿ ಹೋಗುವವರೆಗೆ ನಾನೂ ಒಂದು ಗಳಿಗೆ ಅಂದುಕೊಂಡು ಅಕ್ಕ ಮಡಿಚಿಟ್ಟ ಬಟ್ಟೆಯ ರಾಶಿಗೆ ಕೆನ್ನೆ ಹಚ್ಚಿದಳು.

ಹಚ್ಚಿದ್ದೇ ತಡ, ಅವಳು ಬಸ್ ನಿಲ್ದಾಣದಲ್ಲಿದ್ದಳು. ನಿಲ್ದಾಣದ ತುಂಬ ನೀರು. ಯಾರಿಗೂ ಅದರಿಂದ ತೊಂದರೆಯಿರಲಿಲ್ಲ. ಪ್ರಯಾಣಿಕರು ಚೀಲ ಹಿಡಿದು ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿದ್ದರು. ಎಲ್ಲ ಪ್ಲಾಟ್‌ಫಾರ್ಮುಗಳಲ್ಲೂ ಬಸ್ಸುಗಳು ದೀಪ ಹಾಕಿಕೊಂಡು ನಿಂತಿದ್ದವು, ಒಂದೂ ಹೊರಡುತ್ತಿರಲಿಲ್ಲ. "ಯಾಕೆ ನಿಂತಿದೆ?" ಎಂದು ಅಕ್ಕ ಕೇಳಿದಳು. ಡಿಶ್‌ನವನು ಡ್ರೈವರಿನ ಸೀಟಿನಿಂದ ತಲೆ ಹೊರಗೆ ಹಾಕಿ, "ಹೇಳ್ದೆ ಹೆಂಗೆ ಹೊರಡೋದು ಮೇಡಂ?" ಎಂದ. ಎಲ್ಲರೂ ಮಹಡಿಯ ಗಾಜಿನ ಕೋಣೆಯ ಕಡೆ ನೋಡುತ್ತಿದ್ದರು. ಅಲ್ಲಿ ಅಮ್ಮ ಕೂತು ಸಮಾಧಾನವಾಗಿ ಪರದೆಯ ಬಳೆ ಎಣಿಸುತ್ತಿದ್ದಳು. ಅರವತ್ತು, ಐವತ್ತೊಂಬತ್ತು, ಐವತ್ತೆಂಟು. ಅಕ್ಕನಿಗೆ ಯಾವ ಬಸ್ಸು ಹತ್ತಬೇಕೋ ಗೊತ್ತಿರಲಿಲ್ಲ. ಹೋಗುವುದಂತೂ ಇತ್ತು. ನೀರು ಬೆಚ್ಚಗಿತ್ತು. ಅಮ್ಮನ ಕೈಯಲ್ಲಿ ಬಳೆಗಳು ಕಡಿಮೆಯಾಗುತ್ತ ಬಂದವು, ಒಂದು ಉಳಿಯಿತು, ಅದನ್ನೂ ಕೆಳಗಿಟ್ಟಳು. ನಿಲ್ದಾಣದ ದೀಪಗಳೆಲ್ಲ ಆರಿದವು.

ಆಗ ಕೂಗು ಬಂತು.

"ಅಕ್ಕಾ."

ನಿಲ್ದಾಣದ ದನಿಯಲ್ಲ ಅದು. ಒರಟು, ಒಡಕು, ತುಕ್ಕು ಹಿಡಿದದ್ದು. ಪ್ರಯಾಣಿಕರೆಲ್ಲ ಮಾತು ನಿಲ್ಲಿಸಿ ಅಕ್ಕನ ಕಡೆ ತಿರುಗಿದರು. ನೀರು ಸರ್ರನೆ ಇಳಿದುಹೋಯಿತು. ಕೆನ್ನೆಯ ಕೆಳಗೆ ಹೊಸ ಬಟ್ಟೆಯ ಗಂಜಿಯ ವಾಸನೆ ಬಂತು.

ಅಕ್ಕನಿಗೆ ಎಚ್ಚರವಾಗಿತ್ತು, ಕಣ್ಣು ತೆರೆದಿರಲಿಲ್ಲ. ರೆಪ್ಪೆಯ ಮೇಲೆ ನೀಲಿ ಇರಲಿಲ್ಲ. ಟಿವಿ ಆರಿದೆ ಎಂದು ಅದರಿಂದಲೇ ಗೊತ್ತಾಯಿತು. ಬೂದು ಚೌಕ ಬಂದಿದೆ, ಅರವತ್ತರಿಂದ ಸೊನ್ನೆಯವರೆಗೆ ಎಣಿಸಿದೆ, ತಾನು ಒತ್ತಿಲ್ಲ. ಬಾಗಿಲಿನ ಹತ್ತಿರ ಬರಿಗಾಲಿನ ಸದ್ದು ಬಂದು ನಿಂತಿತು. ಯಾರೋ ಗೋಡೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು.

ಏಳಬೇಕಿತ್ತು. ಅಮ್ಮ ಕೂತಿದ್ದ ಜಾಗ ಇದೇ, ಅಮ್ಮನ ತಲೆ ವಾಲಿದ್ದೂ ಹೀಗೇ. ಆ ಹುಡುಗಿಯ ಜೀವ ಅಲ್ಲಿ ಬಾಯಿಗೆ ಬಂದಿರುತ್ತದೆ, ಹೀಗೆ ಬಿದ್ದುಕೊಂಡಿರುವುದು ಪಾಪ ಎಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ಉಸಿರಿನಷ್ಟು ಹೊತ್ತು ಅವಳು ಅಲುಗಲಿಲ್ಲ. ಕೂಗಿದ್ದು ಕನಸಾದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಮೈಕುವಾದರೆ ಎರಡನೇ ಸಲ ಬರುತ್ತದೆ. ಅವಳು ಕೇಳಬೇಕಾಗಿದ್ದು ಆ ಎರಡನೆಯದನ್ನು. ಕನ್ನಡಿಯ ಮುಂದೆ ಅವತ್ತು ಬಾರದೆ ಉಳಿದದ್ದು ಅದೇ.

"ಅಕ್ಕಾ!"

ಬಂತು. ಮೊದಲಿಗಿಂತ ಜೋರಾಗಿ, ಮೊದಲಿಗಿಂತ ಒರಟಾಗಿ, ನಡುವೆ ಒಡೆದು ಎರಡು ತುಂಡಾಗಿ ಬಂತು. ಅದಕ್ಕಿಂತ ಚಂದದ ಸದ್ದನ್ನು ಅಕ್ಕ ತನ್ನ ಆಯುಷ್ಯದಲ್ಲಿ ಕೇಳಿರಲಿಲ್ಲ.

ಕಣ್ಣು ತೆರೆದಳು. ಮೈಕು ಕೆದರಿದ ತಲೆಯಲ್ಲಿ, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು, ಇನ್ನೊಂದು ಕೈಯಲ್ಲಿ ನೀಲಿ ಬಟ್ಟೆಯ ವೈರು ಹಿಡಿದು ನಿಂತಿದ್ದಳು. ಓಡಿಬರುವ ಭರದಲ್ಲಿ ಅದು ಅವಳ ಹೆಗಲಿಗೆ ಸಿಕ್ಕಿಕೊಂಡು, ಕಂಬಿಯ ಬಳೆಗಳೆಲ್ಲ ಕಿತ್ತು ಓಣಿಯ ತುಂಬ ಚೆಲ್ಲಾಪಿಲ್ಲಿಯಾಗಿದ್ದವು. ಸ್ಲೇಟು ಎಲ್ಲೂ ಕಾಣಲಿಲ್ಲ.

"ಕೇಳಿಸ್ತು," ಎಂದಳು ಅಕ್ಕ. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಎರಡು ಸಲಾನೂ ಕೇಳಿಸ್ತು ಕಣೇ."

ಮೈಕು ಅಕ್ಕನ ಮುಖವನ್ನೇ ನೋಡಿದಳು. ಮೊದಲ ಸಲವೇ ಕೇಳಿಸಿಯೂ ಅಕ್ಕ ಸುಮ್ಮನಿದ್ದಳು ಎಂಬುದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಮೂಗಿನ ಹೊಳ್ಳೆ ಅರಳಿತು. ಹತ್ತಿರ ಬಂದು ಅಕ್ಕನ ಹೆಗಲಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ಅದೇ ಹೆಗಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಮೂವತ್ತೇಳನೆಯ ಪರದೆ ಇಬ್ಬರ ಕಾಲಡಿಗೆ ಸಿಕ್ಕಿ ಮುದ್ದೆಯಾಯಿತು.

ಕೊನೆಗೆ ಮೈಕು ಕೆಳಗೆ ಬಿದ್ದಿದ್ದ ರಿಮೋಟನ್ನು ಎತ್ತಿ ಅಕ್ಕನ ಕೈಗೆ ಕೊಟ್ಟಳು. ಗಂಟಲು ಸರಿಮಾಡಿಕೊಂಡಳು, ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಬಗ್ಗುವ ಮುಂಚೆ ಮಾಡುತ್ತಿದ್ದ ಹಾಗೆ. ತನ್ನ ದನಿಗೆ ತಾನೇ ಒಂದಿಷ್ಟು ಬೆಚ್ಚಿದಳು, ಆದರೆ ನಿಲ್ಲಿಸಲಿಲ್ಲ.

"ಮೀನು ಹಾಕು," ಎಂದಳು. "ಮೀನು ಹಾಕು."